ದೇವರು ಕಡಲಿಗಿಳಿಯುವ ದಾರಿ

ಬಾಲಿ ದ್ವೀಪದ ಸಾನೂರಿನಲ್ಲಿ ಕಡಲು ಪೂರ್ವಕ್ಕಿದೆ. ಸೂರ್ಯ ಮುಳುಗುವ ಕಡಲನ್ನಷ್ಟೇ ನೋಡಿ ಬೆಳೆದ ಕರ್ನಾಟಕದವರಿಗೆ ಅಲ್ಲಿ ಮೊದಲ ಬೆಳಗ್ಗೆ ದಿಕ್ಕು ತಪ್ಪಿದಂತಾಗುತ್ತದೆ. ದಂಡೆಯಿಂದಾಚೆ ಹವಳದ ದಿಬ್ಬದ ಉದ್ದನೆಯ ಸಾಲಿದೆ. ದೊಡ್ಡ ಅಲೆಗಳೆಲ್ಲ ಅಲ್ಲೇ ಒಡೆದು ದೂರಕ್ಕೆ ಬರೀ ಬಿಳಿ ಗೆರೆಯಾಗಿ ಕಾಣುತ್ತವೆ. ಈಚೆ ಬದಿಯ ನೀರು ತಿಳಿಯಾಗಿ, ಮಕ್ಕಳು ಭಯವಿಲ್ಲದೆ ಕೂರುವಷ್ಟು ಆಳದಲ್ಲಿ ನಿಂತಿರುತ್ತದೆ. ಇಳಿತದ ಹೊತ್ತಿನಲ್ಲಿ ಊರಿನ ಹೆಂಗಸರು ಸೀರೆಯಂಥ ಬಟ್ಟೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು ಚಿಪ್ಪು ಆಯಲು ಹೊರಡುತ್ತಿದ್ದರು. ಎರಡೂ ಬದಿ ಬಿದಿರಿನ ರೆಕ್ಕೆ ಕಟ್ಟಿದ ಜುಕುಂಗ್ ದೋಣಿಗಳು ಮರಳಿನ ಮೇಲೆ ಸಾಲಾಗಿ ಮಲಗಿರುತ್ತಿದ್ದವು. ಪ್ರತಿ ದೋಣಿಯ ಮೂತಿಗೂ ಎರಡು ಕಣ್ಣು ಬರೆದಿರುತ್ತಿದ್ದರು.

ನಾನು ಜಾವಾದ ಸುರಬಾಯಕ್ಕೆ ಹೋದದ್ದು ನೂಲಿನ ಗಿರಣಿಯ ಕೆಲಸಕ್ಕೆ. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಇಂಡೊನೇಷ್ಯಾದಲ್ಲಿ ಹೊಸ ಗಿರಣಿಗಳು ಏಳುತ್ತಿದ್ದವು, ಯಂತ್ರ ಬಲ್ಲ ಭಾರತೀಯರಿಗೆ ಬೇಡಿಕೆಯಿತ್ತು. ಗಿರಣಿ ಪೂರಾ ನಿಲ್ಲುತ್ತಿದ್ದುದು ರಮ್ಜಾನ್ ಮುಗಿದು ಬರುವ ಲೆಬಾರಾನ್ ಹಬ್ಬಕ್ಕೆ ಮಾತ್ರ. ತೊಂಬತ್ತರ ದಶಕದ ಮೊದಲರ್ಧದಲ್ಲಿ ಆ ಹಬ್ಬ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬೀಳುತ್ತಿತ್ತು. ನಮ್ಮ ಯುಗಾದಿಯೂ ಬಾಲಿಯವರ ಹೊಸ ವರ್ಷವಾದ ಞೆಪಿಯೂ ಬರುವುದು ಅದೇ ದಿನಗಳಲ್ಲಿ. ಹಾಗಾಗಿ ಹೆಂಡತಿ ಮಕ್ಕಳೊಂದಿಗೆ ರಾತ್ರಿ ಬಸ್ಸು ಹತ್ತಿ, ಕೆತಪಾಂಗಿನಲ್ಲಿ ಬಸ್ಸಿನ ಸಮೇತ ಹಡಗಿಗೇರಿ, ಆಚೆಯ ಗಿಲಿಮಾನುಕ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ, ಬೆಳಗಿನ ಜಾವ ಡೆನ್ಪಸಾರ್ ಸೇರುವುದು ನಮ್ಮ ರೂಢಿಯಾಯಿತು.

ಉಳಿಯುತ್ತಿದ್ದುದು ಸಾನೂರಿನ ಒಂದು ಲೋಸ್ಮೆನ್‌ನಲ್ಲಿ, ಅಂದರೆ ಮನೆಯ ಅಂಗಳದಲ್ಲೇ ಕಟ್ಟಿದ ನಾಲ್ಕಾರು ಕೋಣೆಗಳಲ್ಲಿ. ಒಡತಿಯನ್ನು ಎಲ್ಲರಂತೆ ನಾವೂ ಇಬು ಎಂದೇ ಕರೆಯುತ್ತಿದ್ದೆವು. ಬೆಳಗ್ಗೆ ಚಹಾ ಕೊಡುವ ಮುಂಚೆ ಆಕೆ ತೆಂಗಿನ ಗರಿಯ ಪುಟ್ಟ ದೊನ್ನೆಗಳಲ್ಲಿ ಹೂವು, ಚೂರು ಅನ್ನ, ಊದುಬತ್ತಿ ಇಟ್ಟು ಬಾಗಿಲಿಗೆ, ಬಾವಿಗೆ, ಒಲೆಗೆ, ಬೀದಿಯಂಚಿಗೆ ಅರ್ಪಿಸಿ ಬರುತ್ತಿದ್ದಳು. ಆ ಚನಂಗ್ ಸಾರಿ ಮುಗಿಯದೆ ಆ ಮನೆಯಲ್ಲಿ ದಿನ ಶುರುವಾಗುತ್ತಿರಲಿಲ್ಲ. ಆಮೇಲೆ ನಾವು ನೀರಿಗಿಳಿಯುತ್ತಿದ್ದೆವು. ಮಧ್ಯಾಹ್ನ ಅನ್ನ, ಸೋಯಾ ಕಾಳಿನ ತೆಂಪೆ, ಕಡಲೆಕಾಯಿಯ ಗೊಜ್ಜು. ಸಂಜೆ ಬೆಮೊ ಎಂಬ ಪುಟ್ಟ ಬಾಡಿಗೆ ವ್ಯಾನು ಹತ್ತಿ ಯಾವುದಾದರೂ ಗುಡಿಗೆ. ಗಿರಣಿಯ ಮೂರು ಪಾಳಿಯ ಸದ್ದು ಕಿವಿಯಿಂದ ಇಳಿಯಲು ಎರಡು ದಿನ ಬೇಕಾಗುತ್ತಿತ್ತು.

ಗುಡಿಗಳೆಂದರೆ ನಾವು ಎಣಿಸಿದಂತೆ ಇರಲಿಲ್ಲ. ಗರ್ಭಗುಡಿಯ ಕತ್ತಲಿಲ್ಲ, ಮೂರ್ತಿಯಿಲ್ಲ. ಬಯಲಿಗೆ ತೆರೆದ ಅಂಗಳ, ಅದರೊಳಗೆ ಇನ್ನೊಂದು ಅಂಗಳ, ಕಪ್ಪು ನಾರಿನ ಹೊದಿಕೆ ಹೊದ್ದು ಬೆಸ ಸಂಖ್ಯೆಯಲ್ಲಿ ಹನ್ನೊಂದು ಅಂತಸ್ತಿನವರೆಗೆ ಏರುವ ಮೇರು ಗೋಪುರಗಳು, ಮೂಲೆಯಲ್ಲಿ ಖಾಲಿ ಪದ್ಮಾಸನ. ದೇವರು ಹಬ್ಬದ ದಿನ ಇಳಿದು ಬಂದು ಅಲ್ಲಿ ಕೂತು, ಪೂಜೆ ಮುಗಿದ ಮೇಲೆ ಹಿಂದಿರುಗುತ್ತಾನೆ ಎಂಬುದು ಅವರ ನಂಬಿಕೆ. ಬಹಳಷ್ಟು ಗುಡಿಗಳ ಹಬ್ಬ ಬರುವುದು 210 ದಿನಗಳ ಪಂಚಾಂಗದ ಪ್ರಕಾರ. ಮಿಕ್ಕ ದಿನ ಗುಡಿಯ ಅಂಗಳದಲ್ಲಿ ಕೋಳಿ, ಒಣಗಿದ ಹೂವು, ಮರದ ನೆರಳು. ಹಬ್ಬದ ದಿನ ಹೋದರೆ ಮಾತ್ರ ಪೂಜಾರಿ ತೀರ್ಥ ಚಿಮುಕಿಸಿ, ಬೊಗಸೆಗೆ ಕುಡಿಯಲು ಕೊಟ್ಟು, ಹಣೆಗೆ ಒದ್ದೆ ಅಕ್ಕಿ ಅಂಟಿಸುತ್ತಾನೆ. ತೀರ್ಥಕ್ಕೆ ನಮ್ಮ ಕೈ ತಾನಾಗಿ ಬೊಗಸೆಯಾಗುವುದನ್ನು ಕಂಡು ಪಕ್ಕದವರು ಜರುಗಿ ಜಾಗ ಮಾಡಿಕೊಡುತ್ತಿದ್ದರು.

ಸಾನೂರಿನಲ್ಲಿ ಪ್ರವಾಸಿಗಳು ಗಮನಿಸದೆ ದಾಟಿಹೋಗುವ ಒಂದು ಗಲ್ಲಿಯಿದೆ. ಅಲ್ಲಿನ ಬ್ಲಂಜೋಂಗ್ ಗುಡಿಯ ಮಗ್ಗುಲಲ್ಲಿ ಬಟ್ಟೆ ಸುತ್ತಿದ ಕಲ್ಲುಕಂಬ ನಿಂತಿದೆ. ರಾಜ ಶ್ರೀ ಕೇಸರಿ ವರ್ಮದೇವ ತನ್ನ ಗೆಲುವನ್ನು ಬರೆಸಿದ ಶಾಸನ ಅದು. ಕಾಲ ಶಕವರ್ಷ 835ರ ಫಾಲ್ಗುಣ, ಅಂದರೆ ಕ್ರಿ.ಶ. 914. ಬಾಲಿಯ ಭಾಷೆಯನ್ನು ನಾಗರಿಯ ಹಳೆಯ ರೂಪದಲ್ಲಿ, ಸಂಸ್ಕೃತವನ್ನು ಅಲ್ಲಿನ ಕವಿ ಲಿಪಿಯಲ್ಲಿ ಕೊರೆಸಿದ್ದಾನೆ. ಪಂಪ ಇನ್ನೂ ಹುಡುಗನಾಗಿದ್ದಾಗ, ನಮ್ಮ ರಾಷ್ಟ್ರಕೂಟರ ಶಾಸನಗಳಲ್ಲಿ ಕಾಣುವ ಅದೇ ಶಕದಲ್ಲಿ ಇಷ್ಟು ದೂರದ ಕಡಲ ದಂಡೆಯಲ್ಲೂ ಒಬ್ಬ ರಾಜ ದಿನ ಲೆಕ್ಕ ಹಾಕುತ್ತಿದ್ದ. ಬಾಲಿಯ ಪ್ರಸಿದ್ಧ ಗುಡಿಗಳೆಲ್ಲ ಸೇರಿ ಕೊಡದ ಪುಲಕವನ್ನು ನನಗೆ ಆ ಒಂದು ಕಂಬ ಕೊಟ್ಟಿದೆ. ಆ ಶಕದ ಲೆಕ್ಕ ಅಲ್ಲಿ ಇನ್ನೂ ನಡೆದಿದೆ. ಅಧಿಕಮಾಸದ ವ್ಯತ್ಯಾಸದಿಂದ ಕೆಲವು ವರ್ಷ ಒಂದು ತಿಂಗಳು ಆಚೀಚೆಯಾದರೂ, 2023ರಲ್ಲಿ ಯುಗಾದಿ ಮತ್ತು ಞೆಪಿ ಎರಡೂ ಮಾರ್ಚ್ 22ರಂದೇ ಬಂದವು. ಇಬ್ಬರಿಗೂ ಅದು ಶಕ 1945.

ಞೆಪಿಗೆ ಕೆಲವು ದಿನ ಮುಂಚೆ ಮೆಲಸ್ತಿ. ಊರೂರಿನ ಗುಡಿಗಳ ದೈವಸಂಕೇತಗಳನ್ನು, ಪವಿತ್ರ ವಸ್ತುಗಳನ್ನು ಹೊತ್ತು ಜನ ಕಡಲಿಗೆ ನಡೆಯುತ್ತಾರೆ. ಬಿಳಿಯುಟ್ಟ ಗಂಡಸರು, ಹೆಂಗಸರು, ಹಳದಿ ಬಿಳಿ ಛತ್ರಿಗಳು, ಕಂಚಿನ ತಾಳ, ಗಾಂಗ್‌ಗಳ ಭೋರ್ಗರೆತ. ಸಾನೂರಿನ ದಂಡೆಗೆ ಸುತ್ತಲ ಹಳ್ಳಿಗಳಿಂದ ಮೆರವಣಿಗೆಯ ಮೇಲೆ ಮೆರವಣಿಗೆ ಬಂದಿಳಿಯುತ್ತಿತ್ತು. ಎಲ್ಲರೂ ಕಡಲಿಗೆ ಮುಖ ಮಾಡಿ ಮರಳ ಮೇಲೆ ಕೂತಾಗ, ಅಂಗಾತ ಮಲಗಿ ಬಿಸಿಲು ಕಾಯುತ್ತಿದ್ದ ಯುರೋಪಿನವರೂ ತಾವಾಗಿ ಎದ್ದು ಬಟ್ಟೆ ಹೊದ್ದು ಹಿಂದೆ ಸರಿಯುತ್ತಿದ್ದರು. ಗದರುವವರು ಯಾರೂ ಇರಲಿಲ್ಲ. ದಂಡೆ ಯಾರದೆಂಬ ಪ್ರಶ್ನೆಗೆ ಆ ಹೊತ್ತಿನಲ್ಲಿ ಉತ್ತರ ಕಣ್ಣೆದುರೇ ಇರುತ್ತಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ: ಮುಂದೆ ಈ ಕಡಲಂಚಿನಲ್ಲಿ ನಾನು ಕಂಡ ಪ್ರತಿ ಬದಲಾವಣೆಯನ್ನೂ ಅಳೆದದ್ದು ಈ ಒಂದು ದೃಶ್ಯದಿಂದಲೇ.

ಬದಲಾವಣೆಯ ಮೊದಲ ಗುರುತು ನಾವು ಹೋಗುವ ಮುಂಚೆಯೇ ಅಲ್ಲಿ ನಿಂತಿತ್ತು. ಅಧ್ಯಕ್ಷ ಸುಕರ್ಣೊ ಕಾಲದಲ್ಲಿ ಜಪಾನಿನ ಯುದ್ಧಪರಿಹಾರದ ಹಣದಿಂದ ಕಟ್ಟಿಸಿ 1966ರಲ್ಲಿ ತೆರೆದ ಹತ್ತು ಮಹಡಿಯ ಬಾಲಿ ಬೀಚ್ ಹೋಟೆಲು. 1993ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿತ್ತು. ನಾನು ಮೊದಲ ಬಾರಿ ನೋಡಿದಾಗ ಗೋಡೆಗಳು ಮಸಿ ಹಿಡಿದು ನಿಂತಿದ್ದವು. 327ನೇ ಕೋಣೆ ಮಾತ್ರ ಸುಡದೆ ಉಳಿಯಿತೆಂದು, ಅದು ದಕ್ಷಿಣ ಸಮುದ್ರದ ರಾಣಿಯ ಮಹಿಮೆಯೆಂದು ಊರೆಲ್ಲ ಮಾತು. ಹೋಟೆಲನ್ನು ಮತ್ತೆ ಕಟ್ಟಿದ ಮೇಲೂ ಆ ಕೋಣೆಯನ್ನು ಅತಿಥಿಗಳಿಗೆ ಕೊಡದೆ ಪೂಜೆಗೆ ಬಿಟ್ಟರು. ಈ ಎತ್ತರದ ಕಟ್ಟಡ ಕಣ್ಣಿಗೆ ಬಿದ್ದ ಮೇಲೆಯೇ ಬಾಲಿಯಲ್ಲಿ ತೆಂಗಿನ ಮರಕ್ಕಿಂತ ಎತ್ತರ, ಅಂದರೆ 15 ಮೀಟರ್ ಮೀರಿ ಕಟ್ಟಬಾರದೆಂಬ ನಿಯಮ ಬಂದದ್ದು. ಸಾನೂರನ್ನು ಇವತ್ತಿಗೂ ಮಕ್ಕಳು ಮುದುಕರು ನೆಮ್ಮದಿಯಿಂದ ತಿರುಗಾಡುವ ಜಾಗವಾಗಿ ಉಳಿಸಿದ್ದರಲ್ಲಿ ಆ ನಿಯಮದ ಪಾಲು ದೊಡ್ಡದು.

ಆದರೆ ಮರಳನ್ನು ಅದು ಉಳಿಸಲಿಲ್ಲ. ಬಹಳ ಕಾಲ ಬಾಲಿಯವರು ಹವಳದ ಕಲ್ಲನ್ನು ಕಿತ್ತು ಸುಣ್ಣ ಸುಟ್ಟಿದ್ದಾರೆ, ಗೋಡೆ ಕಟ್ಟಿದ್ದಾರೆ. ಸಾನೂರಿನ ಹಳೆಯ ಕಡಲ ಗುಡಿಗಳ ಪೀಠಗಳೂ ಹವಳದ್ದೇ. ಹಳ್ಳಿಯ ಅಗತ್ಯಕ್ಕೆ ಕಿತ್ತಷ್ಟು ದಿನ ದಿಬ್ಬ ತಾಳಿಕೊಂಡಿತು. ಹೋಟೆಲುಗಳು ಏಳತೊಡಗಿದ ಮೇಲೆ ಕಿತ್ತ ಪ್ರಮಾಣವನ್ನು ತಾಳಲಿಲ್ಲ. ದಿಬ್ಬ ತಗ್ಗಿದಲ್ಲಿ ಅಲೆ ಒಳಗೆ ಬಂತು, ಮರಳು ಹೊರಗೆ ಹೋಯಿತು. ನಮ್ಮ ಮಕ್ಕಳು ಮರಳಿನ ಮನೆ ಕಟ್ಟುತ್ತಿದ್ದ ಜಾಗದಲ್ಲಿ ಕೆಲವೇ ವರ್ಷಗಳಲ್ಲಿ ತೆಂಗಿನ ಬೇರು ಹೊರಬಿದ್ದು ನೇತಾಡುತ್ತಿತ್ತು. ಆಮೇಲೆ ಜಪಾನಿನ ಸಾಲದ ಯೋಜನೆಯಲ್ಲಿ ಕಲ್ಲಿನ ಅಡ್ಡಗೋಡೆಗಳನ್ನು ಕಡಲಿಗೆ ಚಾಚಿ, ಬೇರೆಡೆಯಿಂದ ಮರಳು ತಂದು ಸುರಿದರು. ಈಗ ನಾವು ನಡೆದಾಡುವುದು ಆ ಮರಳಿನ ಮೇಲೆ.

ಇದಕ್ಕಿಂತ ನೋವಿನದು ಸೆರಾಂಗನ್‌ನ ಕಥೆ. ಸಾನೂರಿನ ದಕ್ಷಿಣಕ್ಕೆ ಆಮೆಗಳ ದ್ವೀಪವೆಂದೇ ಹೆಸರಾದ ಪುಟ್ಟ ನೆಲ. ಅದರ ತುದಿಯಲ್ಲಿ ಸಕೆನನ್ ಗುಡಿ. ಕುನಿಂಗನ್ ಹಬ್ಬಕ್ಕೆ ಸಾವಿರಾರು ಜನ ಅಲ್ಲಿಗೆ ಜುಕುಂಗ್‌ಗಳಲ್ಲಿ ಹೋಗುತ್ತಿದ್ದರು. ಇಳಿತವಿದ್ದರೆ ತಲೆಯ ಮೇಲೆ ನೈವೇದ್ಯ ಹೊತ್ತು ಕಾಂಡ್ಲಾ ಕಾಡಿನ ಕೆಸರು ತುಳಿದು ನಡೆದೇ ದಾಟುತ್ತಿದ್ದರು. ನಾವೂ ಒಮ್ಮೆ ದೋಣಿಯಲ್ಲಿ ಹೋದೆವು. ನೀರಿನ ಮೇಲೆಲ್ಲ ಊದುಬತ್ತಿಯ ಹೊಗೆ, ಒಂದು ದೋಣಿಯ ಹಾಡಿಗೆ ಇನ್ನೊಂದು ದೋಣಿಯವರು ದನಿಗೂಡಿಸುತ್ತಿದ್ದರು. ತೊಂಬತ್ತರ ದಶಕದ ಮಧ್ಯದಲ್ಲಿ ಆ ದ್ವೀಪದ ಸುತ್ತ ಮಣ್ಣು ತುಂಬಲು ಶುರುಮಾಡಿದರು. ಆಗಿನ ಅಧ್ಯಕ್ಷ ಸುಹಾರ್ತೊ ಮನೆತನಕ್ಕೆ ಹತ್ತಿರದವರ ಯೋಜನೆ. ದ್ವೀಪ ಸುಮಾರು ನಾಲ್ಕು ಪಟ್ಟು ದೊಡ್ಡದಾಯಿತು, ಸೇತುವೆಯಾಯಿತು, ಆಮೆ ಮೊಟ್ಟೆಯಿಡುತ್ತಿದ್ದ ಮರಳು ಮುಚ್ಚಿಹೋಯಿತು. 1998ರಲ್ಲಿ ರುಪಿಯಾ ಕುಸಿದು ಸುಹಾರ್ತೊ ಇಳಿದಾಗ ಕೆಲಸ ಅರ್ಧಕ್ಕೆ ನಿಂತು, ವರ್ಷಗಟ್ಟಲೆ ಆ ನೆಲ ಬರೀ ಸುಣ್ಣದ ಬಯಲಾಗಿ ಬಿದ್ದಿತ್ತು. ಈಗ ಅಲ್ಲಿ ವಿಶೇಷ ಆರ್ಥಿಕ ವಲಯ. ಗುಡಿಗೆ ಕಾರಿನಲ್ಲೇ ಹೋಗಬಹುದು. ಮುದುಕರಿಗೆ ಅದರಿಂದ ಅನುಕೂಲವಾಗಿದೆ, ನಿಜ. ಆದರೆ ಹಬ್ಬದ ಅರ್ಧ ಭಾಗ ಆ ನೀರಿನ ದಾರಿಯಲ್ಲಿತ್ತು, ಅದನ್ನು ಯಾವ ಸೇತುವೆಯೂ ತಿರುಗಿ ಕೊಡದು.

ಒಂದು ಸಮಾಧಾನವೂ ಉಂಟು. ಆಮೆಯ ಮಾಂಸ ಬಾಲಿಯ ದೊಡ್ಡ ಆಚರಣೆಗಳಲ್ಲಿ ಸಲ್ಲುತ್ತಿದ್ದ ಪದಾರ್ಥ, ಸೆರಾಂಗನ್ ಅದರ ಪೇಟೆ. 1999ರಲ್ಲಿ ಕಾನೂನು ಎಲ್ಲ ಜಾತಿಯ ಕಡಲಾಮೆಗಳನ್ನೂ ರಕ್ಷಿಸಿತು. ಮಾರುತ್ತಿದ್ದ ಊರಿನಲ್ಲೇ ಈಗ ಆಮೆಯ ಮರಿ ಸಾಕಿ ಕಡಲಿಗೆ ಬಿಡುವ ಕೇಂದ್ರವಿದೆ. ಒಂದು ಆಚರಣೆ ತನ್ನ ಭಕ್ತಿ ಕಳೆದುಕೊಳ್ಳದೆ ತಿದ್ದಿಕೊಳ್ಳಬಲ್ಲದು ಎಂಬುದಕ್ಕೆ ನನಗೆ ಇದು ಸಾಕ್ಷಿ.

2002ರ ಅಕ್ಟೋಬರ್ 12ರ ರಾತ್ರಿ ಬಾಲಿಯ ಇನ್ನೊಂದು ಪ್ರವಾಸಿ ಊರಾದ ಕೂತಾದಲ್ಲಿ ಬಾಂಬ್ ಸಿಡಿದು 202 ಜನ ಸತ್ತರು. ನವೆಂಬರ್ 15ರಂದು ಅಲ್ಲಿ ದೊಡ್ಡ ಶುದ್ಧಿಕರ್ಮ ನಡೆಯಿತು. ಸೇಡಿನ ಮಾತಿಗಿಂತ ಮುಂಚೆ ಬಾಲಿಯವರು ಕೇಳಿಕೊಂಡದ್ದು ನಾವು ಎಲ್ಲಿ ಸಮತೋಲ ತಪ್ಪಿದೆವು ಎಂದು. ಆ ಬಾರಿ ನಾವು ಹೋದಾಗ ಸಾನೂರಿನ ದೋಣಿಯವರು ದಿನವಿಡೀ ದೋಣಿಯ ನೆರಳಿನಲ್ಲಿ ಕೂತಿರುತ್ತಿದ್ದರು. ಇಬುವಿನ ಕೋಣೆಗಳಲ್ಲಿ ನಾವೊಬ್ಬರೇ. ಆದರೂ ಚನಂಗ್‌ನಲ್ಲಿ ಒಂದು ಹೂವೂ ಕಡಿಮೆಯಾಗಿರಲಿಲ್ಲ. 2020ರಲ್ಲಿ ಕೊರೊನಾ ಬಂದು ವಿದೇಶಿಯರಿಗೆ ದ್ವೀಪ ಮುಚ್ಚಿದಾಗಲೂ ಹೀಗೇ ಇತ್ತೆಂದು ಆಕೆಯ ಸೊಸೆ ಆಮೇಲೆ ಹೇಳಿದಳು. ಹೋಟೆಲು ಕೆಲಸ ಹೋದವರು ಗದ್ದೆಗೆ, ಬಲೆಗೆ ಹಿಂದಿರುಗಿದ್ದರಂತೆ. ಗದ್ದೆ ಮಾರಿಕೊಂಡಿದ್ದವರಿಗೆ ಹಿಂದಿರುಗಲು ಏನೂ ಇರಲಿಲ್ಲ. ಬಾಲಿಯ ನೀರು ಹಂಚುವ ಸುಬಕ್ ಪದ್ಧತಿಗೆ 2012ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು; ಅದರ ಈಚೆಗೇ ಚಂಗು ಕಡೆಯ ಗದ್ದೆಗಳ ಮೇಲೆ ವಿಲ್ಲಾಗಳು ಎದ್ದವು.

ಈಗಿನ ಸಾನೂರಿಗೆ ಬಂದರು ಬಂದಿದೆ. ಮೊದಲು ಎದುರಿನ ನುಸಾ ಪೆನಿಡಾ ದ್ವೀಪಕ್ಕೆ ಹೋಗುವವರು, ಅಲ್ಲಿಯ ಗುಡಿಗೆ ನೈವೇದ್ಯ ಹೊತ್ತವರೂ ಸೇರಿ, ತೊಡೆಮಟ್ಟದ ನೀರಿನಲ್ಲಿ ನಡೆದು ದೋಣಿ ಹತ್ತಬೇಕಿತ್ತು. 2022ರ ನವೆಂಬರಿನಿಂದ ಕಟ್ಟೆಯ ಮೇಲಿಂದಲೇ ಹತ್ತುತ್ತಾರೆ. ಇದು ಒಳ್ಳೆಯ ಕೆಲಸ, ಬೇಕಾಗಿತ್ತು. ಸುಟ್ಟು ಮತ್ತೆ ಎದ್ದಿದ್ದ ಆ ಹೋಟೆಲಿನ ಸುತ್ತಲ ಜಾಗ ವೈದ್ಯಕೀಯ ವಲಯವಾಗಿದೆ. 2025ರಲ್ಲಿ ಅಲ್ಲಿ ದೊಡ್ಡ ಆಸ್ಪತ್ರೆ ತೆರೆಯಿತು. ಇಷ್ಟೆಲ್ಲದರ ನಡುವೆಯೂ ಕಡಲಂಚಿನ ಕಾಲುದಾರಿ ಎಲ್ಲರಿಗೂ ತೆರೆದಿದೆ, ಮೆಲಸ್ತಿಯ ಮೆರವಣಿಗೆಗಳು ಇನ್ನೂ ಮರಳಿಗಿಳಿಯುತ್ತವೆ. ಬೇರೆ ಕಡೆ ಹೋಟೆಲುಗಳು ನುಂಗಿದ ದಂಡೆಯನ್ನು ಇಲ್ಲಿ ಪೂರ್ತಿ ನುಂಗಲಾಗದಂತೆ ತಡೆದದ್ದು ಸರ್ಕಾರದ ಯಾವ ನಕ್ಷೆಗಿಂತ ಹೆಚ್ಚಾಗಿ ಆ ದಾರಿಯನ್ನು ಬಿಟ್ಟುಕೊಡದ ಹಳ್ಳಿಗಳ ಹಟ ಎಂದು ನಾನು ನಂಬಿದ್ದೇನೆ.

ಗುಡಿ ನೋಡುವ ರೀತಿ ಬಹಳ ಬದಲಾಗಿದೆ. ಲೆಂಪುಯಾಂಗ್‌ನ ಸೀಳುಬಾಗಿಲ ಮುಂದೆ ಚೀಟಿ ಪಡೆದು ಗಂಟೆಗಟ್ಟಲೆ ಕಾಯುವ ಸಾಲು ನೋಡಿದೆ. ಕ್ಯಾಮೆರಾದ ಕೆಳಗೆ ಕನ್ನಡಿ ಹಿಡಿದು, ಇಲ್ಲದ ಕೆರೆಯೊಂದನ್ನು ಚಿತ್ರದಲ್ಲಿ ಮೂಡಿಸಿ ಕೊಡುತ್ತಾರೆ. ಸಾಲಿನಲ್ಲಿದ್ದ ಬಹಳ ಜನ ಚಿತ್ರ ಸಿಕ್ಕೊಡನೆ ಕೆಳಗಿಳಿದರು; ಮೇಲೆ ಕಾಡಿನ ನಡುವೆ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು ಹತ್ತಿದರೆ ಸಿಗುವ ಮುಖ್ಯ ಗುಡಿಯ ಕಡೆ ತಿರುಗಿಯೂ ನೋಡಲಿಲ್ಲ. ಸಾಲಿನಲ್ಲಿ ಕನ್ನಡವೂ ಕೇಳಿಸಿತು. 2024ರ ಮಾರ್ಚ್ ಕೊನೆಯಿಂದ ಬೆಂಗಳೂರಿನಿಂದ ನೇರ ವಿಮಾನವಿದೆ. ನಮ್ಮವರು ಬರುತ್ತಿರುವುದು ನನಗೆ ಸಂತೋಷ. ಆದರೆ ಆ ಮಣ್ಣಿನಲ್ಲಿ ಗುರುತು ಹಿಡಿಯಬೇಕಾದದ್ದು ನಮಗಿರುವಷ್ಟು ಬೇರೆ ಯಾವ ಪ್ರವಾಸಿಗೂ ಇಲ್ಲ, ಅದನ್ನೇ ಕಾಣದೆ ಹಿಂದಿರುಗುತ್ತಾರಲ್ಲ ಎಂಬುದೇ ನನ್ನ ತಳಮಳ.

ಆದ್ದರಿಂದ ಹೋಗುವವರಲ್ಲಿ ಒಂದು ಬೇಡಿಕೆ. ಟಿಕೆಟ್ ತೆಗೆಯುವ ಮುಂಚೆ ಆ ವರ್ಷದ ಞೆಪಿ ಯಾವತ್ತೆಂದು ನೋಡಿಕೊಳ್ಳಿ. ಆ ದಿನ 24 ಗಂಟೆ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ದೀಪ ಹಚ್ಚುವಂತಿಲ್ಲ, ಬೀದಿಗೂ ದಂಡೆಗೂ ಇಳಿಯುವಂತಿಲ್ಲ. ಅದಕ್ಕೆ ಹೆದರಿ ತಾರೀಖು ಬದಲಿಸಬೇಡಿ. ನಾಲ್ಕು ದಿನ ಮುಂಚೆಯೇ ಹೋಗಿ ಸಾನೂರಿನ ಯಾವುದಾದರೂ ಮನೆಯಂಗಳದ ಕೋಣೆಯಲ್ಲಿ ಇಳಿದುಕೊಳ್ಳಿ. ಮೆಲಸ್ತಿ ಎಂದೆಂದು ಮನೆಯವರನ್ನೇ ಕೇಳಿ. ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು, ಮೆರವಣಿಗೆಯ ಮುಂದೆ ನಿಂತು ಚಿತ್ರ ತೆಗೆಯದೆ, ಅದರ ಹಿಂದೆ ನಡೆದು ಕಡಲಿಗೆ ಹೋಗಿ. ಹವಳದ ಚೂರು ಆಯ್ದು ತರಬೇಡಿ. ಬ್ಲಂಜೋಂಗ್‌ನ ಕಂಬ ಊರಿನ ದಕ್ಷಿಣಕ್ಕೆ, ಕಡಲಿನಿಂದ ನಡೆದು ಹೋಗುವಷ್ಟೇ ದೂರದಲ್ಲಿದೆ, ನೋಡದೆ ಬರಬೇಡಿ.