ಅಗೆದ ಬೆಟ್ಟದ ಲೆಕ್ಕ

ಸುಳ್ಯದ ಕಡೆಯಿಂದ ಕೊಡಗಿಗೆ ಬರುವವರು ಸಂಪಾಜೆಯಲ್ಲಿ ಘಟ್ಟದ ಬುಡವನ್ನು ಮುಟ್ಟುವರು. ಮಳೆಗಾಲ ಕಳೆದ ಮೇಲೆ ನಾವು ಆ ದಾರಿಯಾಗಿ ಮಡಿಕೇರಿಗೆ ಹೊರಟೆವು. ಎಡಬಲಗಳಲ್ಲಿ ಕಾಡು, ನಡುನಡುವೆ ಝರಿಗಳು, ಏರಿದಂತೆಲ್ಲ ತಂಪಾಗುವ ಗಾಳಿ. ಆದರೆ ಜೋಡುಪಾಲದ ಆಚೀಚೆ, ಗುಡ್ಡಗಳನ್ನು ನೆತ್ತಿಯಿಂದ ಬುಡದವರೆಗೆ ಸೀಳಿದ ಗುರುತುಗಳನ್ನು ಹೊಸ ಹಸುರು ಮುಚ್ಚುತ್ತಿದ್ದುದನ್ನು ಕಂಡು ನಮ್ಮ ಸಂತೋಷವು ಕುಗ್ಗಿತು.

2018ನೆಯ ಇಸವಿಯ ಆಗಸ್ಟ್ ತಿಂಗಳ ನಡುವೆ ಇಲ್ಲಿಯೂ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಗಳ ಸುತ್ತಿನಲ್ಲಿಯೂ ಗುಡ್ಡಗಳು ಜಾರಿ ಮನೆ, ಗದ್ದೆ, ಕಾಫಿತೋಟಗಳನ್ನು ನುಂಗಿದುವು. ಸಾವಿರಾರು ಜನರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳನ್ನು ಸೇರಿದರು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟವೇ ಕುಸಿದು ಅರ್ಚಕರ ಮನೆಯೊಂದಿಗೆ 5 ಮಂದಿ ಮಣ್ಣುಪಾಲಾದರು.

ವರ್ಷಕ್ಕೆ ಸುಮಾರು 120 ಅಂಗುಲ ಮಳೆ ಬೀಳುವ ಮಡಿಕೇರಿಗೆ ಮಳೆಯು ಹೊಸತಲ್ಲ. 2018ರಲ್ಲಿ ಅದು ಮಿತಿಮೀರಿತೆಂಬುದು ನಿಜ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದವರು ಪರೀಕ್ಷಿಸಿ, ಮನುಷ್ಯರು ಇಳಿಜಾರುಗಳನ್ನು ನೆಟ್ಟಗೆ ಕಡಿದುದನ್ನೂ ನೀರಿನ ಸಹಜವಾದ ಹಾದಿಗಳನ್ನು ಕಟ್ಟಿದುದನ್ನೂ ಕಾರಣಗಳಾಗಿ ತೋರಿಸಿದರು. ಬುಡವನ್ನು ಕಡಿದ ಗುಡ್ಡಕ್ಕೆ ಆಸರೆಯಿಲ್ಲ. ಹೊರಹೋಗಲಾರದ ನೀರು ಒಳಗೆ ಇಂಗಿ ಮಣ್ಣನ್ನು ಭಾರವಾಗಿಯೂ ಸಡಿಲವಾಗಿಯೂ ಮಾಡುವುದು. ಅಗೆದವನಿಗೆ ಲಾಭವು ಅದೇ ವರ್ಷ ಕೈಸೇರುವುದು. ನಷ್ಟವಾದರೋ ಹಲವು ವರ್ಷಗಳ ಮೇಲೆ, ಅನೇಕ ವೇಳೆ ಕೆಳಗಣ ಮನೆಯವನ ಪಾಲಿಗೆ ಬರುವುದು. ಅಂದು ಜಾರಿದ ಮಣ್ಣು ಹೊಳೆಗಳ ಮೂಲಕ ಹಾರಂಗಿ ಜಲಾಶಯವನ್ನು ಸೇರಿ ಹೂಳಾಯಿತು. ಗುಡ್ಡವನ್ನು ಕಂಡೇ ಇರದ ಬಯಲಿನ ರೈತನಿಗೂ ಆ ಲೆಕ್ಕದಲ್ಲಿ ಪಾಲು ಬಂದಿತು.

ಈ ಲೆಕ್ಕವು ಕೊಡಗಿಗೆ ಮಾತ್ರ ಸಂಬಂಧಿಸಿದುದಲ್ಲ. ಶಾಂತಸಾಗರದಲ್ಲಿ ನೌರು ಎಂಬ, ಕೇವಲ 21 ಚದರ ಕಿಲೋಮೀಟರಿನ ದ್ವೀಪರಾಜ್ಯವಿದೆ. ಗೊಬ್ಬರಕ್ಕೆ ಬೇಕಾದ ಫಾಸ್ಫೇಟನ್ನು ಅಲ್ಲಿ 20ನೆಯ ಶತಮಾನದುದ್ದಕ್ಕೂ ಅಗೆದರು. ಹಣವು ಬಂದು ಹೋಯಿತು. ದ್ವೀಪದ ನಡುನೆಲವು ಬರಿಯ ಕಲ್ಲುಕಂಬಗಳ ಬೀಡಾಗಿ ಉಳಿಯಿತು. ಅದೇ ನಾಡು 2021ರಲ್ಲಿ ಸಮುದ್ರತಳದ ಗಣಿಗಾರಿಕೆಗೆ ನಿಯಮಗಳನ್ನು ಬೇಗ ಮಾಡಬೇಕೆಂದು ಅಂತರರಾಷ್ಟ್ರೀಯ ಸಂಸ್ಥೆಯನ್ನು ಕೇಳಿತು. ನಾಲ್ಕು ಸಾವಿರ ಮೀಟರಿಗೂ ಆಳದಲ್ಲಿ ಬಿದ್ದಿರುವ ಆ ಲೋಹದ ಉಂಡೆಗಳು ಹತ್ತು ಲಕ್ಷ ವರ್ಷಗಳಿಗೆ ಕೆಲವೇ ಮಿಲಿಮೀಟರು ಬೆಳೆಯುವುವು. ಅವನ್ನು ಎತ್ತುವಾಗ ಏಳುವ ಕೆಸರು ಎಷ್ಟು ದೂರದ ಜೀವಿಗಳಿಗೆ ಕೇಡಾದೀತೆಂಬ ಚಿಂತೆ ವಿದ್ವಾಂಸರನ್ನು ಕಾಡುತ್ತಿದೆ. ಬಡನಾಡಿಗೆ ಹಣವು ಬೇಡವೆನ್ನಲು ನಾವಾರು? ಆದರೆ ಸಣ್ಣ ನಾಡಿಗೆ ಕೆಟ್ಟ ನೆಲವನ್ನು ಬಿಟ್ಟು ಹೋಗಲು ಬೇರೆ ನೆಲವಿಲ್ಲ.

ಕೊಡಗಿನ ಹಿರಿಯರು ಇದನ್ನು ಅರಿತಿದ್ದರೆಂದು ತೋರುತ್ತದೆ. ಇಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕೊಡಲಿ ಹಾಕಬಾರದೆಂದು ಅವರು ಕಟ್ಟಳೆ ಮಾಡಿದ್ದರು. ಅವುಗಳಲ್ಲಿ ಅನೇಕವು ಒತ್ತುವರಿಯಿಂದ ಕಿರಿದಾಗಿವೆ. ಮನೆ ಕಟ್ಟುವವರು, ರಸ್ತೆ ಮಾಡುವವರು ಗುದ್ದಲಿಯೆತ್ತುವ ಮುನ್ನ ಕೆಳಗೆ ಯಾರ ಮನೆಯಿದೆ, ನೀರು ಯಾವ ಕಡೆ ಹರಿಯುವುದು ಎಂದು ನೋಡುವುದು ಸಣ್ಣ ಕೆಲಸ. ಜಾರಿದ ಬೆಟ್ಟವನ್ನು ಮತ್ತೆ ನಿಲ್ಲಿಸುವುದು ಯಾರಿಂದಲೂ ಆಗದು.