ಚಾರ್ಮಾಡಿಯ ತಿರುವಿನಲ್ಲಿ

ಮಳೆಗಾಲದಲ್ಲಿ ಚಾರ್ಮಾಡಿ ಘಟ್ಟವನ್ನು ಇಳಿದವರಿಗೆ ಅದರ ಸೊಬಗನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಶ್ರಾವಣದ ಒಂದು ಮುಂಜಾನೆ ನಾವು ಕೊಟ್ಟಿಗೆಹಾರದಲ್ಲಿ ನೀರುದೋಸೆಯನ್ನು ತಿಂದು ಮಂಗಳೂರಿನ ಕಡೆಗೆ ಹೊರಟೆವು. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಮಂಜು ತುಂಬಿದ ಕಣಿವೆ. ತಿರುವು ತಿರುವಿಗೂ ಧುಮುಕುವ ಝರಿಗಳು. ಅಂತಹ ಒಂದು ಝರಿಯ ಬಳಿ ಮಕ್ಕಳು "ನಿಲ್ಲಿಸಿ, ನಿಲ್ಲಿಸಿ" ಎಂದು ಕೂಗಿದರು. ನಿಲ್ಲಿಸಿದೆವು. ನಮಗಿಂತ ಮುಂಚೆಯೇ ಆರೇಳು ಕಾರುಗಳು ಅಲ್ಲಿ ನಿಂತಿದ್ದವು. ಎದುರು ಬದಿಯಲ್ಲಿಯೂ ಎರಡಿದ್ದವು. ಹತ್ತು ಜನ ಮಾಡುವುದು ತಪ್ಪಾಗಿ ಕಾಣುವುದಿಲ್ಲವಷ್ಟೆ.

ಐದು ನಿಮಿಷವೂ ಕಳೆದಿರಲಿಲ್ಲ, ಮೇಲಿನಿಂದ ಆಂಬುಲೆನ್ಸಿನ ಕೂಗು ಕೇಳಿಸಿತು. ಘಟ್ಟದ ಮೇಲಿನ ಊರುಗಳಿಂದ ಕಾಯಿಲೆಯವರನ್ನು ಮಂಗಳೂರಿನ ಆಸ್ಪತ್ರೆಗಳಿಗೆ ಒಯ್ಯುವ ದಾರಿ ಇದು. ಅದೇ ವೇಳೆಗೆ ಕೆಳಗಿನಿಂದ ಬಸ್ಸೊಂದು ಏರಿ ಬಂದಿತು. ನಡುವೆ ಉಳಿದಿದ್ದುದು ಒಂದೇ ಬಂಡಿಯ ಹಾದಿ. ಎಲ್ಲರೂ ನೀರಿನಿಂದ ಓಡಿ ಬಂದರು. ಒಬ್ಬರಿಗೆ ಬೀಗದಕೈಯೇ ಸಿಗಲೊಲ್ಲದು. ಆಂಬುಲೆನ್ಸಿನಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ನಮ್ಮನ್ನು ಬಯ್ಯಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ದಾರಿಯಾಗುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಒಳಗೆ ಮಲಗಿದ್ದವರ ಗತಿ ಏನಾಯಿತೋ ನಮಗೆ ತಿಳಿಯದು.

ಮನೆಗೆ ಮರಳಿದ ಮೇಲೆ ನಿಯಮಗಳನ್ನು ತೆಗೆದು ಓದಿದೆವು. ಲೈಸೆನ್ಸಿಗಾಗಿ ಬಾಯಿಪಾಠ ಮಾಡಿ, ಅದು ಕೈಗೆ ಬಂದೊಡನೆ ಮರೆತುಬಿಟ್ಟವು! ಇತರರಿಗೆ ಅಪಾಯವೋ ಅಡಚಣೆಯೋ ಆಗುವಂತೆ ವಾಹನವನ್ನು ಬಿಡಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 122ನೆಯ ಕಲಮು ಹೇಳುತ್ತದೆ. ಚಾಲಕನು ಆಸನವನ್ನು ಬಿಟ್ಟು ಇಳಿಯುವುದಾದರೆ ಎಂಜಿನನ್ನು ನಿಲ್ಲಿಸಿ ಬ್ರೇಕು ಹಾಕಿರಬೇಕೆಂಬುದು 126ನೆಯದು. ತಿರುವು, ದಿಬ್ಬದ ನೆತ್ತಿ, ಕೂಡುರಸ್ತೆ, ಕಾಲುದಾರಿ, ಆಸ್ಪತ್ರೆಯ ಬಾಗಿಲು, ಇವೆಲ್ಲ ವಾಹನವನ್ನು ನಿಲ್ಲಿಸಿ ಇಡಬಾರದ ಎಡೆಗಳು. ನಿಂತ ವಾಹನಕ್ಕೆ ಎದುರಾಗಿ ಇನ್ನೊಂದನ್ನು ನಿಲ್ಲಿಸುವುದನ್ನಂತೂ 1989ರ ನಿಯಮಗಳೇ ತಡೆದಿದ್ದವು. ಚಾರ್ಮಾಡಿಯಲ್ಲಿ ನಾವು ಮಾಡಿದುದು ಅದನ್ನೇ.

ಫಲಕಗಳಲ್ಲಿಯೂ ಭೇದವುಂಟು. ಕೆಂಪು ಅಂಚಿನ ನೀಲಿ ಬಿಲ್ಲೆಯ ಮೇಲೆ ಒಂದೇ ಕೆಂಪು ಗೀಟಿದ್ದರೆ ಜನರನ್ನು ಇಳಿಸಿ ಕೂಡಲೆ ಹೊರಡಬಹುದು, ವಾಹನವನ್ನು ಅಲ್ಲಿಯೇ ಬಿಟ್ಟುಹೋಗಲಾಗದು. ಎರಡು ಗೀಟುಗಳು ಕತ್ತರಿಯಾಗಿ ಹಾದಿದ್ದರೆ ಕ್ಷಣಕಾಲವೂ ನಿಲ್ಲಕೂಡದು. ನಮ್ಮ ಮನೆಯಲ್ಲಿ ಇದನ್ನು ಬಲ್ಲವಳು ಲೈಸೆನ್ಸಿನ ವಯಸ್ಸಾಗದ ಮಗಳೊಬ್ಬಳೇ.

ಘಟ್ಟದಲ್ಲಿ ವಾಹನ ಕೆಟ್ಟು ನಿಂತರೆ ಬ್ರೇಕಿನೊಡನೆ ಗಾಲಿಗೆ ಕಲ್ಲು ಕೊಡುವುದು ವಾಡಿಕೆ. ಹೊರಡುವಾಗ ಆ ಕಲ್ಲನ್ನು ದಾರಿಯ ನಡುವೆಯೇ ಬಿಟ್ಟು ಹೋಗುವವರನ್ನು ಏನೆನ್ನೋಣ!

ಮರುವರ್ಷ ಅದೇ ದಾರಿಯಲ್ಲಿ ಹೋದಾಗ ಕೊಟ್ಟಿಗೆಹಾರದಲ್ಲಿಯೇ ಅರ್ಧ ಗಂಟೆ ಹೆಚ್ಚಿಗೆ ಕುಳಿತೆವು. ಝರಿಯನ್ನು ಕಿಟಕಿಯಿಂದಲೇ ಕಂಡೆವು. ಮಕ್ಕಳು ಉಜಿರೆಯವರೆಗೂ ಮುನಿಸಿಕೊಂಡಿದ್ದರು.