ಏಳು ದಾರಿ, ಒಂದು ಸಂಖ್ಯೆ

ಮೋಟಾರಿಗೂ ಒಂದು ಶ್ರುತಿಯಿರುತ್ತದೆ ಎಂಬುದು ನನಗೆ ತಿಳಿದದ್ದು ಎಂ.ಟೆಕ್. ಓದುವಾಗ. ಮೋಟಾರನ್ನು ಓಡಿಸುವ ಇನ್ವರ್ಟರಿನ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ಒಂದೇ ಲಯದಲ್ಲಿ ತೆರೆದು ಮುಚ್ಚುತ್ತವೆ. ಆ ಲಯವೇ ಸಣ್ಣ ಸಿಳ್ಳೆಯಾಗಿ ಹೊರಗೆ ಕೇಳುತ್ತದೆ. ಮೆಟ್ರೋ ರೈಲು ನಿಲ್ದಾಣ ಬಿಡುವಾಗ ನೀವೂ ಅಂಥದ್ದನ್ನು ಕೇಳಿರುತ್ತೀರಿ. ಒಂದು ಮಧ್ಯಾಹ್ನ ನಮ್ಮ ಲ್ಯಾಬಿನ ಮೋಟಾರಿಗೆ ಹೊಸ ಪ್ರೋಗ್ರಾಂ ಹಾಕಿದೆವು. ಸಿಳ್ಳೆ ಹೋಗಿ, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಶುರುವಾಯಿತು. ಏನೋ ಸುಡುತ್ತಿದೆ ಅಂತ ಪಕ್ಕದ ಮೇಜಿನವನು ಎದ್ದು ಬಂದ. ಏನೂ ಸುಟ್ಟಿರಲಿಲ್ಲ.

ಆ ವಿಧಾನದ ಹೆಸರು ಮಾಡೆಲ್ ಪ್ರೆಡಿಕ್ಟಿವ್ ಕಂಟ್ರೋಲ್. 1970ರ ದಶಕದಲ್ಲಿ ಅದು ಬೆಳೆದದ್ದು ತೈಲ, ರಾಸಾಯನಿಕ ಕಾರ್ಖಾನೆಗಳಲ್ಲಿ. ಅಲ್ಲಿ ಎಲ್ಲವೂ ನಿಧಾನ, ಕಂಪ್ಯೂಟರು ಲೆಕ್ಕ ಹಾಕುವವರೆಗೂ ಕಾಯಬಹುದು. ಮೋಟಾರಿನ ಕರೆಂಟು ಕಾಯುವುದಿಲ್ಲ. ಚಿಪ್ಪುಗಳು ಚುರುಕಾದ ಮೇಲೆ ಈ ವಿಧಾನ ಇನ್ವರ್ಟರಿಗೂ ಬಂತು. ಚಿಲಿ ದೇಶದ ಹೋಸೆ ರೋಡ್ರಿಗಸ್ ಮತ್ತು ಸಂಗಡಿಗರ 2007ರ ಪ್ರಬಂಧವನ್ನು ಇಂದಿಗೂ ಈ ವಿಷಯದ ವಿದ್ಯಾರ್ಥಿಗಳು ಓದುತ್ತಾರೆ.

ಅದರ ಸೊಗಸು ಸರಳತೆಯಲ್ಲಿದೆ. ಸಾಮಾನ್ಯ ಮೂರು ಫೇಸಿನ ಇನ್ವರ್ಟರಿನ ಸ್ವಿಚ್ಚುಗಳನ್ನು 8 ಬಗೆಯಲ್ಲಿ ಮಾತ್ರ ಇಡಬಹುದು. ಅದರಲ್ಲಿ ಎರಡರ ಫಲ ಒಂದೇ, ಶೂನ್ಯ ವೋಲ್ಟೇಜು. ಉಳಿದದ್ದು ಏಳು ದಾರಿ. ಪ್ರತಿ 25 ಮೈಕ್ರೋಸೆಕೆಂಡಿಗೊಮ್ಮೆ ಕರೆಂಟನ್ನು ಅಳೆದು, ಏಳರಲ್ಲಿ ಯಾವುದನ್ನು ಹಿಡಿದರೆ ಮುಂದೆ ಎಲ್ಲಿಗೆ ಹೋಗುತ್ತೇವೆ ಎಂದು ಮೋಟಾರಿನ ಸಮೀಕರಣದಿಂದ ಲೆಕ್ಕ ಹಾಕಿ, ಬೇಕಾದ ಜಾಗಕ್ಕೆ ಅತಿ ಹತ್ತಿರ ಒಯ್ಯುವುದನ್ನು ಆರಿಸುವುದು. ಮತ್ತೆ ಅಳೆಯುವುದು, ಮತ್ತೆ ಮೊದಲಿನಿಂದ. ನಿಗದಿಯಾದ ಲಯವಿಲ್ಲ, ಅದಕ್ಕೇ ಆ ಚಟಪಟ. ಲೆಕ್ಕ ಮುಗಿಯುವಷ್ಟರಲ್ಲಿ ಆ ಕ್ಷಣವೇ ಕಳೆದಿರುತ್ತದೆ, ಹಾಗಾಗಿ ಒಂದಲ್ಲ, ಎರಡು ಹೆಜ್ಜೆ ಆಚೆಗೆ ನೋಡಬೇಕು. ಐದು ಹೆಜ್ಜೆಯ ಎಲ್ಲ ದಾರಿಗಳನ್ನೂ ಎಣಿಸಹೊರಟರೆ 16,807 ಆಗುತ್ತವೆ!

ಇದನ್ನು ಬದುಕಿಗೆ ಹೋಲಿಸುವ ಆಸೆ ಎಲ್ಲರಿಗೂ ಬರುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಸೆಕೆಂಡಿಗೆ ನಲವತ್ತು ಸಾವಿರ ಸಲ ತಾನೆಲ್ಲಿದ್ದೇನೆ ಎಂದು ಅಳೆದುಕೊಳ್ಳುವ ಭಾಗ್ಯ ನಮ್ಮಲ್ಲಿ ಯಾರಿಗಿದೆ?

ನನ್ನನ್ನು ಕಾಡಿದ್ದು ಬೇರೆ. ಸ್ವಿಚ್ಚು ಬದಲಾದಾಗಲೆಲ್ಲ ಒಂದಿಷ್ಟು ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಅದನ್ನು ತಡೆಯಲು ಪ್ರತಿ ಬದಲಾವಣೆಗೂ ಲೆಕ್ಕದಲ್ಲಿ ಒಂದು ದಂಡ ಸೇರಿಸುತ್ತೇವೆ. ದಂಡ ಹೆಚ್ಚಿದರೆ ಸ್ವಿಚ್ಚು ತಣ್ಣಗಿರುತ್ತದೆ, ಆದರೆ ಕರೆಂಟು ಒರಟಾಗಿ ಮೋಟಾರು ನಡುಗುತ್ತದೆ. ಕಡಿಮೆಯಾದರೆ ತಿರುಗುವುದು ನಯ, ಹೀಟ್‌ಸಿಂಕು ಮಾತ್ರ ಮುಟ್ಟಲಾಗದಷ್ಟು ಬಿಸಿ. ಎಷ್ಟಿರಬೇಕು? ಎಲ್ಲಕ್ಕೂ ಸೂತ್ರವಿದ್ದ ಆ ಪುಸ್ತಕಗಳಲ್ಲಿ ಈ ಒಂದು ಸಂಖ್ಯೆಯ ಎದುರು ಬಹುಪಾಲು ಅಡುಗೆಯ ಉಪ್ಪಿನ ಮಾತು: ಹಾಕಿ ನೋಡಿ. ಗೈಡನ್ನು ಕೇಳಿದೆ. "ನಿನಗೆ ಏನು ಬೇಕು ಅಂತ ಮೊದಲು ಹೇಳು" ಅಂದರು.

ನನಗೆ ನಯ ಬೇಕಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯನಿಗೆ ಬಿಸಿ ಇಳಿಯಬೇಕಿತ್ತು, ಅವನು ಹಾಕಿದ್ದ ಫ್ಯಾನು ಚಿಕ್ಕದು. ಮೂರು ವಾರ ಆ ಸಂಖ್ಯೆಗಾಗಿ ಜಗಳವಾಡಿದೆವು, ನಡುವೆ ಎರಡು ದಿನ ಮಾತೂ ಬಿಟ್ಟಿದ್ದೆವು. "ಅತ್ಯುತ್ತಮ" ಎಂದು ಕಂಪ್ಯೂಟರು ಆರಿಸುತ್ತಿದ್ದುದೆಲ್ಲ ನಾವು ಮೊದಲೇ ಬರೆದಿಟ್ಟ ಆಸೆಯ ಪ್ರಕಾರ ಅತ್ಯುತ್ತಮ, ಅಷ್ಟೆ.

ವೈವಾದಲ್ಲಿ ಪರೀಕ್ಷಕರ ಮೊದಲ ಪ್ರಶ್ನೆ ಅದೇ ಸಂಖ್ಯೆಯ ಮೇಲೆ. ಬಿಸಿಯ ಗೆರೆ, ನಡುಕದ ಗೆರೆ ಎರಡನ್ನೂ ತೋರಿಸಿ, ನಾವಿಬ್ಬರೂ ಒಪ್ಪಿದ ಜಾಗ ಇದು ಎಂದೆ.

"ಬೇರೆಯವರು ಬೇರೆ ಜಾಗ ಹಿಡಿಯಬಹುದಲ್ಲ?"

ಹಿಡಿಯಬಹುದು ಸರ್, ಎಂದೆ. ಅವರು ಪುಟ ತಿರುಗಿಸಿದರು.